ಗುರುಗ್ರಹದ ಮೇಘಸ್ತರಗಳು: ಒಂದು ವಿಮರ್ಶೆ

ಗುರುಗ್ರಹವನ್ನು ವಿವರಿಸುವ ಗ್ರಂಥಗಳಲ್ಲಿ ಒಂದು ಚಿತ್ರವು ಮತ್ತೆ ಮತ್ತೆ ಕಾಣಬರುತ್ತದೆ. ಮೇಲುಗಡೆ ಅಮೋನಿಯ ಹಿಮದ ಮೋಡ, ಅದರ ಕೆಳಗೆ ಅಮೋನಿಯಂ ಹೈಡ್ರೋಸಲ್ಫೈಡಿನ ಮೋಡ, ಎಲ್ಲಕ್ಕೂ ಕೆಳಗೆ ನೀರಿನ ಮೋಡ. ಇವೆಲ್ಲವನ್ನೂ ಮುಸುಕಿದ ತೆಳುವಾದ ಮಬ್ಬು. ಉಪ್ಪರಿಗೆಯ ಅಂತಸ್ತುಗಳಂತೆ ಅಂದವಾಗಿ ಜೋಡಿಸಿರುವ ಈ ಸ್ತರಗಳು ಕಣ್ಣಾರೆ ಕಂಡವೋ, ಊಹಿಸಿದವೋ ಎಂಬುದು ವಿಚಾರಾರ್ಹವಾಗಿದೆ.

ಊಹೆಗೆ ಆಧಾರವಿಲ್ಲವೆಂದಲ್ಲ. 1930ರ ದಶಕದ ಆದಿಯಲ್ಲಿ ರೂಪರ್ಟ್ ವಿಲ್ಟ್ ಎಂಬ ಪಂಡಿತರು ಗುರುವಿನ ವರ್ಣಪಟಲದಲ್ಲಿ ಅಮೋನಿಯ, ಮೀಥೇನ್ ಅನಿಲಗಳ ಗುರುತನ್ನು ಕಂಡುಕೊಂಡರು. 1969ರಲ್ಲಿ ಜಾನ್ ಲೂಯಿಸರು, ಯಾವ ಆವಿಯು ಯಾವ ಎತ್ತರದಲ್ಲಿ ತಣಿದು ಮೋಡವಾಗಬೇಕೆಂಬುದನ್ನು ಗಣಿಸಿದರು. ಮೇಲ್ಕಂಡ ಚಿತ್ರವು ಈ ಗಣಿತದ ಫಲ. ಆದರೆ ಅನಿಲಗಳು ಎಲ್ಲೆಡೆಯೂ ಸಮವಾಗಿ ಬೆರೆತು ಮೇಲೇರುತ್ತವೆಂಬ ಭಾವನೆಯು ಅದರಲ್ಲಿ ಅಡಗಿದೆ.

1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ಆ ವಾಯುಮಂಡಲಕ್ಕೆ ಇಳಿದಾಗ ತೆಳುಮೋಡಗಳ ಹೊರತು ದಟ್ಟವಾದ ನೀರಿನ ಮೋಡವು ಸಿಕ್ಕಲಿಲ್ಲ. ಅದು ಇಳಿದುದು ಅಪರೂಪದ ಒಣ ಪ್ರದೇಶವೆಂಬ ಸಮಾಧಾನವು ನ್ಯಾಯವಾದುದೇ. ಆದರೆ 2016ರಲ್ಲಿ ಗುರುವನ್ನು ಸೇರಿದ ಜೂನೋ ನೌಕೆಯು, ಸಮಭಾಜಕದ ಪಟ್ಟಿಯನ್ನು ಬಿಟ್ಟರೆ, ಮೋಡಗಳಿಗಿಂತ ಬಹು ಆಳದವರೆಗೂ ಅಮೋನಿಯವು ವಿರಳವಾಗಿದೆಯೆಂದು ತೋರಿಸಿತು. ಅನಿಲವು ಸಮವಾಗಿ ಬೆರೆತಿದೆಯೆಂಬ ಭಾವನೆಯು ಇಲ್ಲಿ ಸಡಿಲವಾಯಿತು.

ಇನ್ನೂ ಬಲವಾದ ಆಕ್ಷೇಪವು 2025ರಲ್ಲಿ ಬಂದಿತು. ಸ್ಟೀವನ್ ಹಿಲ್ ಎಂಬ ಹವ್ಯಾಸಿ ವೀಕ್ಷಕರು ಸಣ್ಣ ದೂರದರ್ಶಕದಿಂದ ಅಮೋನಿಯದ ಹರಹನ್ನು ಅಳೆಯುವ ವಿಧಾನವನ್ನು ತೋರಿದರು. ಆಕ್ಸ್‌ಫರ್ಡಿನ ಪ್ಯಾಟ್ರಿಕ್ ಇರ್ವಿನ್ ಮೊದಲಾದವರು ಚಿಲಿ ದೇಶದ ಬೃಹತ್ ದೂರದರ್ಶಕದ ವೀಕ್ಷಣೆಗಳಿಗೆ ಅದನ್ನು ಅನ್ವಯಿಸಿ, ಬೆಳಕನ್ನು ಪ್ರತಿಫಲಿಸುವ ಮುಖ್ಯ ಮೋಡವು ನಮ್ಮ ಸಮುದ್ರಮಟ್ಟದ ಒತ್ತಡದ 2ರಿಂದ 3ರಷ್ಟು ಇರುವ ಆಳದಲ್ಲಿದೆಯೆಂದು ನಿರ್ಣಯಿಸಿದರು. ಅಮೋನಿಯ ಹಿಮವು ಕಟ್ಟಬೇಕಾದುದು ಸುಮಾರು 0.7ರಷ್ಟು ಒತ್ತಡದಲ್ಲಿ; ಅಷ್ಟು ಆಳದ ಶಾಖದಲ್ಲಿ ಅದು ನಿಲ್ಲಲಾರದು. ಮೇಲೇರುವ ಅಮೋನಿಯವನ್ನು ಸೂರ್ಯಕಿರಣಗಳು ಒಡೆದು ಮಬ್ಬಾಗಿಸುತ್ತವೆ. ಆ ಮಬ್ಬು ಕೆಳಗಿನ ಹೈಡ್ರೋಸಲ್ಫೈಡಿನೊಡನೆ ಬೆರೆತಿರಬಹುದೆಂಬುದು ಅವರ ಮತ. ಬಿರುಸಾಗಿ ಮೇಲೆದ್ದ ಗಾಳಿಯಿರುವೆಡೆಯಲ್ಲಿ ಮಾತ್ರ ಶುದ್ಧ ಅಮೋನಿಯ ಹಿಮವು ಅಲ್ಲಲ್ಲಿ ಕಾಣುತ್ತದೆ.

ಇದೂ ಬೆಳಕನ್ನು ಆಧರಿಸಿದ ಅನುಮಾನವೇ ಸರಿ, ಪ್ರತ್ಯಕ್ಷವಲ್ಲ. ಆದರೂ ಹಳೆಯ ಚಿತ್ರದ ಅಧಿಕಾರವನ್ನು ಇದು ಮಿತಗೊಳಿಸಿದೆ. ಮೋಡವು ಎಲ್ಲಿ ಕಟ್ಟಬಲ್ಲದು ಎಂಬ ಪ್ರಶ್ನೆಗೆ ಆ ಚಿತ್ರವು ಇಂದಿಗೂ ಉತ್ತರ. ನಮಗೆ ಕಾಣುವ ಮೋಡವು ಯಾವುದು ಎಂಬುದಕ್ಕಲ್ಲ. ಈ ಭೇದವನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಬರೆಯುವುದು ಗ್ರಂಥಕರ್ತರ ಕರ್ತವ್ಯ. ಇಲ್ಲವಾದರೆ ವಿದ್ಯಾರ್ಥಿಯು ಗಣಿತವನ್ನೇ ಗ್ರಹವೆಂದು ಭ್ರಮಿಸಿಯಾನು.