ಮುಮ್ಮೇಳವೂ ಹಿಮ್ಮೇಳವೂ: ಎಪ್ಪತ್ತರ ದಶಕದ ಹಂಬಲವನ್ನು ಕುರಿತು

ಶಾಕುಂತಲ ನಾಟಕದ ಐದನೆಯ ಅಂಕದ ಆರಂಭದಲ್ಲಿ ಹಂಸಪದಿಕೆಯ ಗಾನವು ದುಷ್ಯಂತನ ಕಿವಿಗೆ ಬೀಳುವುದು. ಪ್ರಿಯಜನರ ಅಗಲಿಕೆಯೇನೂ ಇಲ್ಲದಿದ್ದರೂ ತನ್ನ ಮನಸ್ಸು ಏಕೆ ಕಳವಳಗೊಂಡಿತೆಂದು ಅವನು ಬೆರಗಾಗುವನು. ಆದರೂ ಅವನಿಗೆ ಶಕುಂತಲೆಯ ನೆನಪು ಬಾರದು. ತುಸು ಹೊತ್ತಿನಲ್ಲಿಯೇ ಎದುರಿಗೆ ಬಂದು ನಿಂತ ಅವಳನ್ನು ಅವನು ಅರಿಯನು. ನೆನಪು ಮರಳುವುದು ಉಂಗುರವು ಕೈಸೇರಿದ ಮೇಲೆ. ಗಾನದಿಂದ ಹುಟ್ಟಿದುದು ಹಂಬಲ. ಉಂಗುರದಿಂದ ಹುಟ್ಟಿದುದು ಸ್ಮೃತಿ. ಮೊದಲನೆಯದಕ್ಕೆ ವಿಷಯವಿಲ್ಲ, ಮಾಧುರ್ಯವುಂಟು. ಎರಡನೆಯದಕ್ಕೆ ವಿಷಯವುಂಟು, ಅದರೊಡನೆ ಹೊಣೆಯೂ ಉಂಟು. ಎಪ್ಪತ್ತರ ದಶಕದ ಹಾಡು, ಕುಣಿತ, ಉಡುಪುಗಳನ್ನು ಟೆಲಿವಿಷನ್ನು ಪುನಃ ಪುನಃ ತೋರಿಸುವ ಈ ಕಾಲದಲ್ಲಿ, ಅದು ನೋಡುವವರಲ್ಲಿ ಉಂಟುಮಾಡುವುದು ಈ ಎರಡರಲ್ಲಿ ಯಾವುದು ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಈ ಕಾರ್ಯಕ್ರಮಗಳ ರೂಪವು ಸರ್ವವಿದಿತವಾದುದು. ಹಾಡುವ ಸ್ಪರ್ಧೆಯಲ್ಲಿಯೂ ಕುಣಿಯುವ ಸ್ಪರ್ಧೆಯಲ್ಲಿಯೂ ‘ರೆಟ್ರೊ’ ಎಂಬ ಹೆಸರಿನ ಒಂದು ಸುತ್ತು ಇರುವುದು. ಪಾದದ ಬಳಿ ಅಗಲವಾದ ಬೆಲ್‌ಬಾಟಮ್ ಷರಾಯಿ, ನೀಳವಾದ ಕಾಲರಿನ ಅಂಗಿ, ದೊಡ್ಡ ಕನ್ನಡಕ, ಚುಕ್ಕೆಗಳ ಸೀರೆ, ಮೇಲೆ ತಿರುಗುವ ಕನ್ನಡಿಯ ಗೋಳ: ಇಷ್ಟು ಸೇರಿದರೆ ಆ ದಶಕವು ಮುಗಿಯಿತು. ಪುತ್ತೂರು, ಸುಳ್ಯ, ಕಡಬಗಳ ಶಾಲಾ ವಾರ್ಷಿಕೋತ್ಸವದ ವೇದಿಕೆಗಳಿಗೂ ಈ ಮಾದರಿಯು ಇಳಿದುಬಂದಿದೆ. ಹತ್ತು ವರ್ಷದ ಬಾಲಕನು ತನ್ನ ಅಜ್ಜನ ಯೌವನದ ವೇಷವನ್ನು ಧರಿಸಿ ಕುಣಿಯುವನು. ಅಜ್ಜನು ಮುಂದಿನ ಸಾಲಿನಲ್ಲಿ ಕುಳಿತು ನಗುವನು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಆ ವೇಷವು ಅಜ್ಜನ ಯೌವನದಿಂದ ಬಂದುದಲ್ಲ, ಟೆಲಿವಿಷನ್ನಿನಿಂದ ಬಂದುದು ಎಂಬುದನ್ನು ಗಮನಿಸಬೇಕು.

ಇಲ್ಲಿ ಕಾಲಾನುಕ್ರಮವನ್ನು ನೋಡುವುದು ಅವಶ್ಯಕ. ಅಮೆರಿಕದಲ್ಲಿ ‘ಸೋಲ್ ಟ್ರೇನ್’ ಎಂಬ ನೃತ್ಯಕಾರ್ಯಕ್ರಮವು ೧೯೭೦ರಲ್ಲಿ ಷಿಕಾಗೋ ನಗರದಲ್ಲಿ ಮೊದಲಾಗಿ, ಮರುವರ್ಷ ಇತರ ನಗರಗಳಿಗೂ ಹಬ್ಬಿ, ೨೦೦೬ರವರೆಗೆ ನಡೆಯಿತು. ಕರಿಯ ಜನಾಂಗದ ತರುಣ ತರುಣಿಯರು ತಮ್ಮ ಸಂಗೀತಕ್ಕೆ ತಾವೇ ಕುಣಿಯುವುದನ್ನು ಆ ದೇಶದ ಟೆಲಿವಿಷನ್ನು ಅಂದೇ ಕಂಡಿದ್ದಿತು. ಆದುದರಿಂದ ಅಲ್ಲಿ ಟೆಲಿವಿಷನ್ನು ಆ ಕಾಲವನ್ನು ಹಂಬಲಿಸಿದರೆ ಅದು ತನ್ನ ನೆನಪನ್ನೇ ತಾನು ತೆರೆದಂತೆ. ಕರ್ನಾಟಕದ ಸಂಗತಿ ಬೇರೆ. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಒಂದು ವರ್ಷ ನಡೆದ ಪ್ರಯೋಗವು ರಾಜ್ಯದ ಉತ್ತರ ಭಾಗದ ಕೆಲವು ಗ್ರಾಮಗಳನ್ನು ಮುಟ್ಟಿತು. ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದುದು ೧೯೮೧ರಲ್ಲಿ. ಪುತ್ತೂರು ಸುಳ್ಯಗಳ ಮನೆಗಳಿಗೆ ಎಪ್ಪತ್ತರ ದಶಕವು ಬಂದುದು ಕಿವಿಯ ಮೂಲಕ: ರೇಡಿಯೋದಿಂದ, ೧೯೭೬ರಲ್ಲಿ ತೆರೆದ ಮಂಗಳೂರು ಆಕಾಶವಾಣಿಯಿಂದ, ಜಾತ್ರೆಯ ಮೈಕಿನಿಂದ. ಕಣ್ಣಿಗೆ ಕಂಡಷ್ಟು ಚಿತ್ರಮಂದಿರದಲ್ಲಿ ಕಂಡಿತು. ೧೯೭೧ರಲ್ಲಿ ‘ಎನ್ನ ತಂಗಡಿ’ಯೊಡನೆ ತುಳು ಚಲನಚಿತ್ರವು ಹುಟ್ಟಿದುದೂ, ೧೯೭೩ರಲ್ಲಿ ‘ಕೋಟಿ ಚೆನ್ನಯ’ವು ಪಡುಮಲೆಯ ವೀರರ ಕಥೆಯನ್ನು ತೆರೆಗೆ ತಂದುದೂ ಇದೇ ದಶಕದಲ್ಲಿ. ಕನ್ನಡ ಟೆಲಿವಿಷನ್ನು ಹಂಬಲಿಸುವುದು ತಾನು ಕಾಣದ ಕಾಲವನ್ನು. ಕಾಣದುದನ್ನು ತೋರಿಸುವವನಿಗೆ ವಿಚಾರಿಸಿ ತಿಳಿಯುವ ಕರ್ತವ್ಯವು ಹೆಚ್ಚು.

ವಿಚಾರಿಸಿದರೆ ತಿಳಿಯುವುದೇನು? ಫಂಕ್ ಎಂಬ ಸಂಗೀತವು ಮೂಲತಃ ಲಯದ ಸಂಗೀತ. ಜೇಮ್ಸ್ ಬ್ರೌನನ ೧೯೬೭ರ ‘ಕೋಲ್ಡ್ ಸ್ವೆಟ್’ ಅದರ ಮೊದಮೊದಲ ಮಾದರಿಗಳಲ್ಲೊಂದೆಂದು ಎಣಿಸುವರು. ಅದರಲ್ಲಿ ಸ್ವರಮೇಳದ ಸಂಚಾರವು ಬಹು ಕಡಮೆ. ಆವರ್ತದ ಮೊದಲ ಪೆಟ್ಟಿನ ಮೇಲೆ ಭಾರವನ್ನಿರಿಸಿ, ಡ್ರಮ್ಮು, ಬೇಸ್ ಗಿಟಾರು, ತುತ್ತೂರಿಗಳು ಎಲ್ಲವೂ ತಾಳವಾದ್ಯಗಳೋ ಎಂಬಂತೆ ಒಂದರೊಳಗೊಂದು ಹೆಣೆದುಕೊಳ್ಳುವುವು. ಗಾಯಕನು ಸಹ ಆ ಹೆಣಿಗೆಯ ಒಂದು ಎಳೆ ಮಾತ್ರ. ಈ ಗಾಳಿಯು ಮದರಾಸಿನ ಧ್ವನಿಮುದ್ರಣ ಶಾಲೆಗಳ ಮೂಲಕ ಕನ್ನಡಕ್ಕೂ ಬೀಸಿತು. ದೊರೈ-ಭಗವಾನರು ನಿರ್ದೇಶಿಸಿದ ‘ಆಪರೇಷನ್ ಡೈಮಂಡ್ ರಾಕೆಟ್’ (೧೯೭೮) ಚಿತ್ರದಲ್ಲಿ ಜಿ. ಕೆ. ವೆಂಕಟೇಶರು ಸಂಯೋಜಿಸಿ ರಾಜಕುಮಾರರು ಹಾಡಿದ ಇಂಗ್ಲಿಷ್ ಗೀತೆಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದು ಶುದ್ಧವಾದ ಫಂಕ್ ಅಲ್ಲ, ಅದರ ನೆರೆಯದು. ಗಡಿಯಾರದ ಸದ್ದೇ ಅಲ್ಲಿ ಪಲ್ಲವಿಯ ಲಯವಾಗಿದೆ.

ಈ ಗೀತೆಯು ದಶಕಗಳ ತರುವಾಯ ದೇಶದಾದ್ಯಂತ ವಿನೋದದ ವಸ್ತುವಾಗಿ ಹರಡಿತು. ಕೇಳಿ ನಕ್ಕವರಲ್ಲಿ ಬಹುಮಂದಿ ಕಂಡುದು ಉಡುಪನ್ನು ಮತ್ತು ಉಚ್ಚಾರಣೆಯನ್ನು. ೧೯೭೮ರ ಪ್ರೇಕ್ಷಕನು ಕಂಡುದು ಬೇರೆಯೇ. ಅವನ ಪಾಲಿಗೆ ಹಾಡುತ್ತಿದ್ದವರು ‘ಬೇಡರ ಕಣ್ಣಪ್ಪ’ದ ದಿಣ್ಣನು, ಮೂರೇ ವರ್ಷ ಹಿಂದೆ ‘ಮಯೂರ’ನಾಗಿ ಕದಂಬರ ಸಿಂಹಾಸನವನ್ನೇರಿದವರು. ಪುರಾಣಪುರುಷರ ಕಿರೀಟವನ್ನು ಧರಿಸಿದ ನಟನೇ ಪತ್ತೇದಾರನ ವೇಷವನ್ನೂ ಧರಿಸಿ, ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದ ಹೊಸದಾಗಿ ಪ್ರಸಿದ್ಧವಾಗಿದ್ದ ತನ್ನ ಕಂಠದಿಂದಲೇ ಪರಭಾಷೆಯ ಹೊಸ ಲಯವನ್ನು ಹಾಡಿದುದರಲ್ಲಿ ಒಂದು ಸಾಹಸವಿದ್ದಿತು. ಉಡುಪಿಗೆ ಅರ್ಥ ಬಂದುದು ಅದನ್ನು ತೊಟ್ಟವರ ಹಿಂದಿನ ಪಾತ್ರಗಳಿಂದ. ಆ ಸಂಬಂಧವನ್ನು ಕಡಿದು ಷರಾಯಿಯನ್ನು ಮಾತ್ರ ಉಳಿಸಿಕೊಂಡರೆ ಉಳಿಯುವುದು ಹಾಸ್ಯವಷ್ಟೆ.

ಪುತ್ತೂರು ಸೀಮೆಯ ರಸಿಕರಿಗೆ ಈ ವಿವೇಚನೆಯು ಹೊಸದಲ್ಲ; ಅದಕ್ಕೆ ಬೇಕಾದ ಪರಿಭಾಷೆಯು ಅವರ ಮನೆಯ ಮಾತು. ಯಕ್ಷಗಾನದಲ್ಲಿ ಕಣ್ಣಿಗೆ ಕಾಣುವ ವೇಷಧಾರಿಗಳು ಮುಮ್ಮೇಳ; ಭಾಗವತ, ಚೆಂಡೆ, ಮದ್ದಳೆ, ಚಕ್ರತಾಳಗಳು ಹಿಮ್ಮೇಳ. ಬಣ್ಣವೆಷ್ಟೇ ಢಾಳಾಗಿರಲಿ, ಧೀಂಗಿಣವೆಷ್ಟೇ ರಭಸವಾಗಿರಲಿ, ಹಿಮ್ಮೇಳವು ಸೋತರೆ ಆಟವು ಸೋತಂತೆಯೇ ಎಂಬುದನ್ನು ಬಯಲಿನಲ್ಲಿ ಕುಳಿತ ಸಾಮಾನ್ಯ ಪ್ರೇಕ್ಷಕನೂ ಬಲ್ಲನು. ಫಂಕ್ ಸಂಗೀತವು ಸರ್ವಥಾ ಹಿಮ್ಮೇಳದ ಕಲೆ. ಟೆಲಿವಿಷನ್ನಿನ ಹಂಬಲವಾದರೋ ಸರ್ವಥಾ ಮುಮ್ಮೇಳದ್ದು. ಸ್ಪರ್ಧೆಯಲ್ಲಿ ಹಾಡು ಒಂದೆರಡು ನಿಮಿಷಕ್ಕೆ ಇಳಿಯುವುದು. ಚರಣಗಳ ನಡುವಣ ವಾದ್ಯಭಾಗವು, ಎಂದರೆ ಆ ಸಂಗೀತದ ಜೀವಸ್ಥಾನವೇ, ಮೊದಲು ಕತ್ತರಿಗೆ ಸಿಕ್ಕುವುದು.

ಪಾಶ್ಚಾತ್ಯ ವಾದ್ಯವೆಂದರೆ ಈ ಸೀಮೆಗೆ ಕೇವಲ ವಿನೋದದ ಸಾಮಗ್ರಿಯೂ ಅಲ್ಲ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಬಳಸಿದರು. ಬಂಟ್ವಾಳ ಸೀಮೆಯ ಕದ್ರಿ ಗೋಪಾಲನಾಥರು ಅದೇ ಸ್ಯಾಕ್ಸೊಫೋನನ್ನು ಕರ್ಣಾಟಕ ಸಂಗೀತದ ಕಛೇರಿಗೆ ಏರಿಸಿದರು. ದಕ್ಷಿಣ ಕನ್ನಡದ ಜಾತ್ರೆಗಳಲ್ಲಿ ದೇವರ ಮುಂದೆ ಆ ವಾದ್ಯವು ಮೊಳಗುವುದು. ಹೊರಗಿನ ವಾದ್ಯವು ಹೀಗೆ ಮನೆಯದಾಗುವ ಪರಿಯನ್ನು ಕಿವಿಯಾರೆ ಬಲ್ಲ ಜನಕ್ಕೆ, ವೆಂಕಟೇಶರ ವಾದ್ಯಗೋಷ್ಠಿಯನ್ನು ನಗೆಯಿಲ್ಲದೆ ಆಲಿಸುವ ಅಧಿಕಾರವುಂಟು.

ಟೆಲಿವಿಷನ್ನಿಗೆ ಈ ಕೆಲಸವು ಅಸಾಧ್ಯವೆಂದು ಹೇಳುವುದು ನ್ಯಾಯವಾಗದು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಮಕ್ಕಳೂ ತರುಣರೂ ಹಾಡಿದ ಬಳಿಕ, ಆ ಹಾಡು ಹುಟ್ಟಿದ ಸಂದರ್ಭವನ್ನೂ ಸಂಯೋಜಕರ ಸ್ವಭಾವವನ್ನೂ ವಿವರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ತಾವೇ ಹಾಡಿದವರಾದ ಅವರಿಗೆ ಆ ಕಾಲವು ವೇಷವಾಗಿರಲಿಲ್ಲ, ವೃತ್ತಿಯಾಗಿದ್ದಿತು. ಆ ಮಾತುಗಳಲ್ಲಿ ಹಂಬಲವು ಸ್ಮೃತಿಯಾಗಿ ಪರಿಣಮಿಸಿತು. ಅವರು ೨೦೨೦ರಲ್ಲಿ ತೀರಿಕೊಂಡರು. ಅಂತಹ ಸಾಕ್ಷಿಗಳು ದಿನೇ ದಿನೇ ಕಡಮೆಯಾಗುತ್ತಿದ್ದಾರೆ.

ವಿನೋದಕ್ಕಾಗಿ ಇರುವುದನ್ನು ಇಷ್ಟು ಶೋಧಿಸಬೇಕೆ ಎಂಬ ಆಕ್ಷೇಪವು ಬರಬಹುದು. ರಸಾನುಭವಕ್ಕೆ ಐತಿಹಾಸಿಕ ಜ್ಞಾನವು ಅನಿವಾರ್ಯವಲ್ಲ ಎಂಬುದು ನಿಜ. ಹಂಸಪದಿಕೆಯ ಗಾನವು ಅರಿಯದವನನ್ನೂ ಕಲಕಿತು. ಆದರೆ ಹಂಬಲದಲ್ಲಿಯೇ ತೃಪ್ತನಾದ ಅರಸನು ಎದುರಿಗಿದ್ದ ಪತ್ನಿಯನ್ನು ನಿರಾಕರಿಸಿದನು. ಕಾಲವೊಂದರ ಉಡುಪನ್ನು ಪ್ರೀತಿಸುತ್ತ ಅದರ ಕೆಲಸಗಾರರನ್ನು ಗುರುತಿಸದಿರುವುದು ಇಂತಹುದೇ ನಿರಾಕರಣೆ. ಆ ಗೀತೆಗಳಿಗೆ ಡ್ರಮ್ಮು, ಗಿಟಾರು, ತುತ್ತೂರಿಗಳನ್ನು ನುಡಿಸಿದವರ ಹೆಸರುಗಳನ್ನು ಧ್ವನಿಮುದ್ರಿಕೆಗಳ ಹೊದಿಕೆಗಳು ಸಾಮಾನ್ಯವಾಗಿ ಅಚ್ಚುಮಾಡಲಿಲ್ಲ. ಸಾಹಿತ್ಯದಲ್ಲಿ ಕವಿಯ ಅಂಕಿತವನ್ನೂ ಲಿಪಿಕಾರನ ಹೆಸರನ್ನೂ ಹುಡುಕಿ ತೆಗೆದ ಪಂಡಿತವರ್ಗವು, ಬದುಕಿರುವವರ ನೆನಪಿನಿಂದ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಅಲ್ಪಕಾರ್ಯವೆಂದು ಭಾವಿಸಲಾಗದು. ಪುತ್ತೂರಿನ, ಸುಳ್ಯದ, ಕಡಬದ ಅಧ್ಯಾಪಕನು ಮುಂದಿನ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಬೆಲ್‌ಬಾಟಮ್ ಹೊಲಿಸುವಾಗ, ಆ ಹಾಡನ್ನು ವಾದ್ಯಭಾಗಸಹಿತ ಪೂರ್ತಿಯಾಗಿ ಒಮ್ಮೆ ಕೇಳಿಸಿ, ಅಜ್ಜನನ್ನು ವೇದಿಕೆಗೆ ಕರೆದು ನಾಲ್ಕು ಮಾತು ಆಡಿಸಿದರೆ, ಉಂಗುರವು ಅಷ್ಟರಮಟ್ಟಿಗೆ ದೊರೆತಂತಾಗುವುದು.