ಎರಡು ಸಲ ‘ಎಲ್ಲ’

ಪಂಪ ಕನ್ನಡ ಕೂಟದ ರಾಜ್ಯೋತ್ಸವದ ಕರೆಯೋಲೆ ಟೈಪ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ನಮ್ಮ ಮನೆ; ಲ್ಯಾಪ್‌ಟಾಪ್ ಹೊಸದು, ಕನ್ನಡ ಇಲ್ಲ. ಟೈಪಿಂಗ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲು ಹೋದಾಗ ಎದುರಾದದ್ದು ಕೆಳಗಿನ ನಾಲ್ಕು ಸಾಲುಗಳಲ್ಲಿ ಮೊದಲನೆಯದು. ಉಳಿದ ಮೂರು ಇಂಥ ಎಕ್ಸ್‌ಟೆನ್ಷನ್‌ಗಳ ಪ್ರೈವಸಿ ಪಾಲಿಸಿಯಲ್ಲಿ ಮಾಮೂಲಾಗಿ ಸಿಗುವಂಥವು.

“ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಎಲ್ಲ ಡೇಟಾ ಓದುವುದು ಮತ್ತು ಬದಲಾಯಿಸುವುದು.”

ಇದು ಕ್ರೋಮ್‌ನ ಎಚ್ಚರಿಕೆ. ಎಕ್ಸ್‌ಟೆನ್ಷನ್ ಏನೇನು ಮಾಡಬಲ್ಲದು ಎಂಬುದಷ್ಟೇ ಇಲ್ಲಿದೆ. ಏನು ಮಾಡುತ್ತದೆ ಎಂಬುದು ಅದನ್ನು ಬರೆದವರಿಗೇ ಗೊತ್ತು. ಇಂಗ್ಲಿಷ್ ಕೀಲಿ ಒತ್ತಿದರೆ ‘ನಮಸ್ಕಾರ’ ಮೂಡಬೇಕಲ್ಲ, ಅದಕ್ಕೆ ಒತ್ತಿದ್ದನ್ನು ಓದಬೇಕು, ಬದಲಾಯಿಸಲೂಬೇಕು. ಆ ಎರಡು ಕ್ರಿಯಾಪದಗಳ ಬಗ್ಗೆ ತಕರಾರಿಲ್ಲ. ತಕರಾರು ಎರಡು ಸಲ ಬಂದಿರುವ ‘ಎಲ್ಲ’ದ ಮೇಲೆ. ಜಿಮೇಲ್‌ಗೆ ಕರೆದ ನೆಂಟ ಬ್ಯಾಂಕಿನ ಪುಟದಲ್ಲೂ ಬಂದು ಕೂರುತ್ತಾನೆ. ಎಕ್ಸ್‌ಟೆನ್ಷನ್‌ನ ವಿವರಗಳ ಪುಟದಲ್ಲಿ ‘ಎಲ್ಲ ಸೈಟ್‌ಗಳಲ್ಲಿ’ ಎಂಬುದನ್ನು ‘ಕ್ಲಿಕ್ ಮಾಡಿದಾಗ’ ಎಂದು ಬದಲಿಸಬಹುದು. ಅಲ್ಲಿಯವರೆಗೆ ಹೋಗುವವರನ್ನು ನಾನಂತೂ ಕಂಡಿಲ್ಲ.

“ಸೇವೆ ಉತ್ತಮಪಡಿಸಲು ಕೆಲವು ಮಾಹಿತಿ ಸಂಗ್ರಹಿಸುತ್ತೇವೆ.”

ಒತ್ತಿದ್ದನ್ನು ಕನ್ನಡವಾಗಿಸುವ ಪದಕೋಶ ಲ್ಯಾಪ್‌ಟಾಪಿನಲ್ಲೇ ಇದ್ದರೆ ಒಂದಕ್ಷರವೂ ಹೊರಗೆ ಹೋಗಬೇಕಿಲ್ಲ. ಸರ್ವರ್‌ನಲ್ಲಿದ್ದರೆ ಅಳಿಸಿದ ಅರ್ಧ ಪದವೂ ಹೋದೀತು. ಎರಡಕ್ಕೂ ಇದೇ ಸಾಲು ಹೊಂದುತ್ತದೆ.

“ಹೆಸರು ತೆಗೆದ ಮಾಹಿತಿಯನ್ನು ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು.”

ಇಲ್ಲಿ ನಿಂತು ಓದಬೇಕು. ಅವಾಸ್ಟ್ ಕಂಪನಿ, ಹಿಂಬಾಲಿಸುವವರನ್ನು ತಡೆಯುತ್ತೇವೆಂದು ಕೊಟ್ಟ ಎಕ್ಸ್‌ಟೆನ್ಷನ್ ಮತ್ತು ಆ್ಯಂಟಿವೈರಸ್‌ಗಳಿಂದಲೇ ಜನರ ಬ್ರೌಸಿಂಗ್ ವಿವರ ಕಲೆಹಾಕಿ, ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿತು. ಅವಾಸ್ಟ್ ತೆತ್ತದ್ದು 1.65 ಕೋಟಿ ಡಾಲರ್. ಮಾರಿದ್ದರಲ್ಲಿ ಹೆಸರಿನ ಬದಲು ಪ್ರತಿ ಬ್ರೌಸರ್‌ಗೂ ಒಂದು ಗುರುತಿನ ಸಂಖ್ಯೆ, ಪುಟ ತೆರೆದ ಹೊತ್ತು ಇದ್ದವಂತೆ. ಟ್ರಾಯ್‌ನ ಒಂದು ಶಾಲೆ, ಪಂಪ ಕನ್ನಡ ಕೂಟ, ಮಂಡಿನೋವಿನ ಡಾಕ್ಟರು, ಡಿಸೆಂಬರ್‌ಗೆ ಬೆಂಗಳೂರಿನ ಟಿಕೆಟ್: ಇಷ್ಟು ಪುಟಗಳನ್ನು ಒಂದೇ ಸಂಖ್ಯೆಯ ಕೆಳಗೆ ಬರೆದುಕೊಡಿ, ನನ್ನ ಹೆಸರನ್ನು ಕೂಟದ ಯಾರು ಬೇಕಾದರೂ ಹೇಳುತ್ತಾರೆ.

“ನಿಮ್ಮ ರಾಜ್ಯದ ಕಾನೂನಿನಂತೆ ನಿಮಗೆ ಬೇರೆ ಹಕ್ಕುಗಳಿರಬಹುದು.”

ತಂಗಿ ಇರುವುದು ಷಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿ. ಇಲಿನಾಯ್‌ನ 2008ರ ಬಯೊಮೆಟ್ರಿಕ್ ಕಾಯ್ದೆಯ ಪ್ರಕಾರ ಬರಹದ ಒಪ್ಪಿಗೆಯಿಲ್ಲದೆ ಅವಳ ಬೆರಳಚ್ಚು ತೆಗೆದ ಕಂಪನಿಯ ಮೇಲೆ ಅವಳೇ ದಾವೆ ಹೂಡಬಹುದು. ಗರ್ನಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನಲ್ಲಿ 14ರ ಹುಡುಗನೊಬ್ಬನ ಹೆಬ್ಬೆಟ್ಟು ತೆಗೆದ ಪ್ರಕರಣದಲ್ಲಿ, ಬೇರೆ ನಷ್ಟವಾಯಿತೆಂದು ತೋರಿಸಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ನಮ್ಮ ಮಿಷಿಗನ್‌ನ 1988ರ ಕಾಯ್ದೆ ಕಾಯುವುದು ನಾವು ಕೊಂಡ ಪುಸ್ತಕ, ಪತ್ರಿಕೆ, ಬಾಡಿಗೆ ತಂದ ವಿಡಿಯೊಗಳ ವಿವರವನ್ನು. 2016ರ ತಿದ್ದುಪಡಿಯ ನಂತರ ಪರಿಹಾರಕ್ಕೆ ನಷ್ಟ ತೋರಿಸಬೇಕು. ಮಂಡಿನೋವಿನ ಪುಟ ತೆರೆದದ್ದು ಇವೆರಡರಲ್ಲೂ ಕೂರುವುದಿಲ್ಲ.

ಕರೆಯೋಲೆಯನ್ನು ವಿಂಡೋಸ್‌ನದೇ ಕನ್ನಡ ಕೀಲಿಮಣೆಯಲ್ಲಿ ಮುಗಿಸಿದೆ. ‘ರಾಜ್ಯೋತ್ಸವ’ದ ಒತ್ತಕ್ಷರಗಳಿಗೇ ಹತ್ತು ನಿಮಿಷ ಹಿಡಿಯಿತು.