ಬಡಗುತಿಟ್ಟಿನ ಹಿಮ್ಮೇಳ: ಆಶುವಾದನವೂ ಅದರ ಧ್ವನಿಮುದ್ರಣವೂ

1

ಪ್ರಾಚೀನ ಕನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಓಲೆಯ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಕವಿಯ ಪ್ರಯೋಗವಾವುದು, ಲಿಪಿಕಾರನ ದೋಷವಾವುದು ಎಂಬುದನ್ನು ನಿರ್ಣಯಿಸುವ ಕ್ರಮವನ್ನು ಬಹುಕಾಲದಿಂದ ಪಾಲಿಸುತ್ತ ಬಂದಿದ್ದಾರೆ. ಬರೆದಿಟ್ಟ ಕಾವ್ಯಕ್ಕೆ ಸಲ್ಲುತ್ತಿರುವ ಈ ಎಚ್ಚರಿಕೆಯು ನುಡಿದೊಡನೆ ಅಡಗಿಹೋಗುವ ಆಶುಕಲೆಗಳಿಗೆ ಅಷ್ಟಾಗಿ ಸಂದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯು ಬಡಗುತಿಟ್ಟಿನ ಯಕ್ಷಗಾನಕ್ಕೆ ತವರು. ಅದರ ಹಿಮ್ಮೇಳವು ಅಂತಹ ಆಶುಕಲೆಗಳಲ್ಲಿ ಒಂದು. ಮೊದಲು ಕ್ಯಾಸೆಟ್ಟಿನಲ್ಲಿ, ಈಗ ಜೇಬಿನ ಫೋನಿನಲ್ಲಿ ಈ ಹಿಮ್ಮೇಳವು ಮುದ್ರಿತವಾಗುತ್ತಿದೆ; ಆಟವನ್ನು ನೋಡದೆ ಮುದ್ರಿಕೆಯನ್ನು ಮಾತ್ರ ಕೇಳಿ ಗುಣದೋಷಗಳನ್ನು ಹೇಳುವ ರೂಢಿಯೂ ಬೆಳೆದಿದೆ. ಮುದ್ರಿಕೆಯೇ ಪ್ರಯೋಗವೆಂದು ಎಣಿಸಿದಲ್ಲಿ ವಿಮರ್ಶೆಯು ದಾರಿತಪ್ಪುವುದು. ಮುದ್ರಿಕೆಯನ್ನು ಒಂದು ಪ್ರತಿಯೆಂದೂ ಯಂತ್ರವನ್ನು ಅದರ ಲಿಪಿಕಾರನೆಂದೂ ತಿಳಿದು ಪರಿಶೀಲಿಸಿದರೆ ಆಶುವಾದನದ ನಿಜವಾದ ಬೆಲೆ ತಿಳಿಯಬರುವುದು.

2

ಹಿಮ್ಮೇಳದಲ್ಲಿ ಯಾವ ಅಂಶ ಸ್ಥಿರ, ಯಾವುದು ಆಶು ಎಂಬುದನ್ನು ಮೊದಲು ವಿಂಗಡಿಸಬೇಕು. ಪ್ರಸಂಗದ ಪದಗಳು ಸ್ಥಿರ. ಪುಸ್ತಕದಲ್ಲಿ ಪ್ರತಿಯೊಂದು ಪದದ ತಲೆಯ ಮೇಲೆ ರಾಗತಾಳಗಳ ಹೆಸರುಂಟು, ಸ್ವರಲಿಪಿಯಿಲ್ಲ. ಭಾಗವತರು ತಾಳ ಹಿಡಿದು ಪದವನ್ನು ಎತ್ತಿದ ಮೇಲೆ ಯಾವ ಸಾಲನ್ನು ಎಷ್ಟು ಬಾರಿ ಮರಳಿಸಬೇಕು, ಸಾಲುಗಳ ನಡುವೆ ಬಿಡ್ತಿಗೆ ಎಷ್ಟು ಆವರ್ತ ನಡೆಯಬೇಕು, ಮುಕ್ತಾಯ ಎಲ್ಲಿ ಬೀಳಬೇಕು ಎಂಬಿವೆಲ್ಲ ಆ ಕ್ಷಣದಲ್ಲಿ ತೀರ್ಮಾನವಾಗತಕ್ಕವು. ಮದ್ದಳೆಯು ಪದದ ಉದ್ದಕ್ಕೂ ಜತೆಗೊಡುವುದು. ಚಂಡೆಯು ಒಡ್ಡೋಲಗದಲ್ಲಿ, ಯುದ್ಧದಲ್ಲಿ, ಏರುಪದಗಳಲ್ಲಿ ಮೊಳಗುವುದು. ಕುಣಿಯುವ ವೇಷಧಾರಿಯ ಹೆಜ್ಜೆಯನ್ನು ಕಣ್ಣಿನಲ್ಲಿ, ಭಾಗವತರ ಕಂಠವನ್ನು ಕಿವಿಯಲ್ಲಿ ಹಿಡಿದುಕೊಂಡು ನುಡಿಸುವ ಈ ವಾದಕರಿಗೆ ಕಲಿತ ಪಾಠವು ಅಕ್ಷರಮಾಲೆಯಷ್ಟೆ. ವಾಕ್ಯವನ್ನು ಅಲ್ಲಿಯೇ ಕಟ್ಟಬೇಕು. ವೇಷಧಾರಿಯ ಮಾತು ಕೂಡ ಆಶುವೇ ಆಗಿರುವುದರಿಂದ ಒಂದೇ ಪ್ರಸಂಗವು ಎರಡು ರಾತ್ರಿ ಒಂದೇ ತೆರನಾಗಿ ನಡೆಯುವುದಿಲ್ಲ.

ಈ ಕಲೆಯ ಅಭ್ಯಾಸವು ಮೇಳದ ರಂಗಸ್ಥಳಕ್ಕೆ ಸೀಮಿತವಾದುದಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳು ಮಳೆ ಹಿಡಿಯುವ ಹೊತ್ತಿಗೆ ಗೆಜ್ಜೆ ಬಿಚ್ಚಿದ ಮೇಲೆ ಊರಿನ ಸ್ನೇಹಿತರು ಯಾರಾದರೊಬ್ಬರ ಮನೆಯ ಚಾವಡಿಯಲ್ಲಿ ಕೂಡಿ ತಾಳಮದ್ದಳೆ ನಡೆಸುವುದುಂಟು. ವೇಷವಿಲ್ಲ, ರಂಗಸ್ಥಳವಿಲ್ಲ, ಭಾಗವತಿಕೆ, ಮದ್ದಳೆ, ಚಂಡೆ, ಅರ್ಥಗಾರಿಕೆ ಇಷ್ಟೆ. ನವರಾತ್ರಿಯಲ್ಲಿ ಬಾಲಕರು ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಪ್ರಸಂಗದ ತುಣುಕುಗಳನ್ನು ಒಪ್ಪಿಸುವಾಗಲೂ ಹಿಮ್ಮೇಳವು ಜಗಲಿಯ ಮೇಲೆಯೇ ಕುಳಿತುಕೊಳ್ಳುವುದು. ಹೀಗೆ ಒದಗಿದ ಸ್ಥಳವೇ ವಾದ್ಯದ ಒಂದು ಅಂಗವಾಗುವುದು. ಹಂಚಿನ ಮಾಡಿನ ಮೇಲೆ ಸುರಿಯುವ ಮಳೆ ಶ್ರುತಿಯನ್ನು ಮುಚ್ಚುವುದು. ತೇವದಿಂದ ಚರ್ಮ ಸಡಿಲವಾಗಿ ಮದ್ದಳೆಯ ನಾದ ಇಳಿಯುವುದು. ಇಕ್ಕಟ್ಟಾದ ಚಾವಡಿಯಲ್ಲಿ ಚಂಡೆಯ ಪೆಟ್ಟು ಗೋಡೆಗೆ ತಗಲಿ ಮರಳುವುದು. ಬಲ್ಲ ವಾದಕನು ಇವುಗಳೊಡನೆ ಹೊಂದಿಕೊಂಡು ನುಡಿಸುವನು. ಸ್ಥಳದೊಡನೆ ನಡೆಯುವ ಈ ಸಂವಾದವು ಆಶುವಾದನದ ಮೊದಲನೆಯ ಲಕ್ಷಣ.

3

ಚಂಡೆಯ ಮೊಳಗನ್ನು ಬರಿಯ ಗದ್ದಲವೆಂದು ತಳ್ಳಿಹಾಕುವವರು ಉಂಟು. ಈ ಆಕ್ಷೇಪವನ್ನು ಎದುರಿಸಬೇಕಾದ ಇನ್ನೊಂದು ಕಲೆಯು ಪಶ್ಚಿಮದಲ್ಲಿ ಹುಟ್ಟಿದೆ. 1965ರಲ್ಲಿ ಲಂಡನ್ನಿನಲ್ಲಿ ಎ. ಎಂ. ಎಂ. ಎಂಬ ಗೆಳೆಯರ ಕೂಟವೊಂದು ರಾಗವನ್ನೂ ತಾಳವನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ನುಡಿಸತೊಡಗಿತು. ಅದರಲ್ಲಿದ್ದ ಕೀತ್ ರೋ ಎಂಬವನು ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಬಗೆಬಗೆಯ ವಸ್ತುಗಳನ್ನು ಪ್ರಯೋಗಿಸಿ ನಾದವನ್ನು ಹೊರಡಿಸಿದನು. ಅಂದಿನಿಂದ ನಾನಾ ದೇಶಗಳಲ್ಲಿ ಸ್ನೇಹಿತರು ಕಾರಿನ ಕೊಟ್ಟಿಗೆ, ನೆಲಮಾಳಿಗೆ, ಬಾಡಿಗೆಯ ಕೋಣೆಗಳನ್ನೇ ಮುದ್ರಣಶಾಲೆಗಳನ್ನಾಗಿ ಮಾಡಿಕೊಂಡು ಇಂತಹ ಕರ್ಕಶವಾದ ಗಿಟಾರ್ ನಾದವನ್ನು ಆಶುವಾಗಿ ಕಟ್ಟಿ ತಾವೇ ಮುದ್ರಿಸಿಕೊಳ್ಳುತ್ತಿದ್ದಾರೆ. ಧ್ವನಿವರ್ಧಕದಿಂದ ಹೊರಟ ನಾದವು ತಂತಿಯನ್ನು ಮರಳಿ ನಡುಗಿಸಿ, ಆ ನಡುಕ ಮತ್ತೆ ಧ್ವನಿವರ್ಧಕವನ್ನು ಸೇರಿ, ನಿಲ್ಲದ ಕೂಗಾಗುವುದನ್ನೇ ಇವರು ಸಾಮಗ್ರಿಯನ್ನಾಗಿ ಮಾಡಿಕೊಂಡರು.

ಡೆರೆಕ್ ಬೈಲಿಯು (1930–2005) ಗಿಟಾರ್‌ವಾದಕನೂ ಆಶುಸಂಗೀತದ ಮೀಮಾಂಸಕನೂ ಆಗಿದ್ದನು. ಅವನು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತೀಯ ಸಂಗೀತವನ್ನೂ ಎತ್ತಿಕೊಂಡು, ಒಂದು ಸಂಪ್ರದಾಯದ ನುಡಿಗಟ್ಟಿಗೆ ಒಳಪಟ್ಟ ಆಶುವಾದನವನ್ನು ಅಂತಹ ಕಟ್ಟಿಗೆ ಒಳಪಡದ ಆಶುವಾದನದಿಂದ ಬೇರ್ಪಡಿಸಿದ್ದಾನೆ. ಈ ವಿಭಾಗದಂತೆ ಹಿಮ್ಮೇಳವು ಮೊದಲನೆಯ ವರ್ಗಕ್ಕೆ, ಗಿಟಾರ್ ಕೂಟಗಳ ನಾದವು ಎರಡನೆಯ ವರ್ಗಕ್ಕೆ ಸೇರುವುದು. ಎರಡಕ್ಕೂ ಸಮಾನವಾದ ನಿಯಮ ಒಂದೇ: ಜತೆಗಾರನನ್ನು ಕೇಳಿಸಿಕೊಳ್ಳುವುದು. ಭೇದವೂ ಸ್ಪಷ್ಟವಾಗಿದೆ. ಗಿಟಾರ್ ಕೂಟದ ಕರ್ಕಶತೆಗೆ ತನ್ನಿಂದ ಹೊರಗೆ ಪ್ರಯೋಜನವಿಲ್ಲ. ಚಂಡೆಯ ಅಬ್ಬರಕ್ಕೆ ರಸವೇ ಪ್ರಮಾಣ. ಕರುಣದ ಪದದಲ್ಲಿ ಅದು ಸುಮ್ಮನಿರಬೇಕು, ರೌದ್ರದಲ್ಲಿ ಮಿತಿಮೀರಿದಂತೆ ತೋರಿದರೂ ಪದದ ಅಕ್ಷರವನ್ನು ನುಂಗಬಾರದು. ಧ್ವನಿವರ್ಧಕವು ಬಂದ ಮೇಲೆ ಈ ಔಚಿತ್ಯಕ್ಕೆ ಎಷ್ಟೋ ಕಡೆ ಭಂಗ ಬಂದಿದೆ. ಅದನ್ನು ದೋಷವೆಂದು ಹೇಳಲು ವಿಮರ್ಶಕನು ಹಿಂಜರಿಯಬೇಕಾದುದಿಲ್ಲ.

4

ಇನ್ನು ಲಿಪಿಕಾರನ ವಿಚಾರ. ಭಾರತದಲ್ಲಿ ಗ್ರಾಮಫೋನು ಮುದ್ರಣವು ಆರಂಭವಾದುದೇ ತಾತ್ಕಾಲಿಕವಾದ ಸ್ಥಳದಲ್ಲಿ. 1902ರಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯ ಹೋಟೆಲಿನ ಕೋಣೆಯಲ್ಲಿ ಯಂತ್ರವನ್ನಿಟ್ಟು ಗೌಹರ್ ಜಾನಳ ಹಾಡನ್ನು ಮುದ್ರಿಸಿದನು. ತಟ್ಟೆಯು ಕೆಲವೇ ನಿಮಿಷಗಳಿಗೆ ಮುಗಿಯುತ್ತಿದ್ದುದರಿಂದ ಆಲಾಪವು ಕುಗ್ಗಿತು. ಯಂತ್ರದ ಮಿತಿಯು ಗಾನದ ಮಿತಿಯಾಯಿತು. ಯಕ್ಷಗಾನಕ್ಕೆ ಕ್ಯಾಸೆಟ್ಟು ಒದಗಿದಾಗಲೂ ಇದೇ ಪ್ರಸಕ್ತಿ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 45 ನಿಮಿಷ. ರಾತ್ರಿ 9-30ರಿಂದ ಬೆಳಗಿನ 6ರವರೆಗಿನ ಆಟಕ್ಕೆ ಹನ್ನೆರಡು ಮಗ್ಗುಲು ಬೇಕಾಗುವುವು; ಮಗುಚುವಾಗಲೆಲ್ಲ ಒಂದೆರಡು ಆವರ್ತ ಲೋಪವಾಗುವುದು. ಓಲೆ ಮುರಿದ ಕಡೆ ಗ್ರಂಥಪಾತವಾದಂತೆ ಇದು.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಸಣ್ಣ ಮುದ್ರಣಯಂತ್ರಗಳಲ್ಲಿ ಧ್ವನಿಯ ಮಟ್ಟವನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಏರ್ಪಾಡು ಇರುತ್ತದೆ. ಚಂಡೆಯ ಪೆಟ್ಟು ಬಿದ್ದೊಡನೆ ಯಂತ್ರವು ಒಟ್ಟು ಧ್ವನಿಯನ್ನೇ ತಗ್ಗಿಸುವುದು. ಪೆಟ್ಟು ಅಡಗಿದ ಮೇಲೆ ಮೆಲ್ಲನೆ ಏರಿಸುವುದು. ಮುದ್ರಿಕೆಯನ್ನು ಮಾತ್ರ ಕೇಳಿದವನಿಗೆ ಭಾಗವತರ ಕಂಠವು ಚಂಡೆಯ ಎದುರಿನಲ್ಲಿ ಕುಸಿದಂತೆ ತೋರುವುದು. ವಸ್ತುತಃ ಕಂಠವು ಕುಸಿದಿಲ್ಲ. ಲಿಪಿಕಾರನು ತಗ್ಗಿಸಿ ಬರೆದಿದ್ದಾನೆ. ಮಿತಿಮೀರಿದ ಧ್ವನಿಯನ್ನು ಯಂತ್ರವು ತಾಳಲಾರದೆ ಒಡೆದಾಗ ಹುಟ್ಟುವ ಗರಗರ ಶಬ್ದವೂ ಹೀಗೆಯೇ. ಗಿಟಾರ್ ಕೂಟದವರು ಈ ಒಡಕನ್ನು ಬೇಕೆಂದೇ ಬರಿಸಿಕೊಳ್ಳುವರಾದುದರಿಂದ ಅಲ್ಲಿ ಲಿಪಿಕಾರದೋಷವೇ ಮೂಲಪಾಠವಾಗುವುದು. ಹಿಮ್ಮೇಳದ ಮುದ್ರಿಕೆಯಲ್ಲಿ ಅದನ್ನು ವಾದಕನ ಮೇಲೆ ಹೊರಿಸುವುದು ಅನ್ಯಾಯ.

ಹಾಗಾದರೆ ಮೌನವಾದ ಮುದ್ರಣಾಲಯದಲ್ಲಿ ಆಯ್ದ ಪದಗಳನ್ನು ಹಾಡಿಸಿ ಮಾಡಿದ ನಿರ್ಮಲವಾದ ಮುದ್ರಿಕೆಯೇ ಶ್ರೇಷ್ಠವಲ್ಲವೇ ಎಂದು ಕೇಳಬಹುದು. ಅಲ್ಲಿ ಕಂಠವು ಸ್ಪಷ್ಟ, ಶ್ರುತಿಯು ಶುದ್ಧ, ನಿಜ. ಎದುರಿನಲ್ಲಿ ಕುಣಿಯುವವನಿಲ್ಲದೆ ಬಿಡ್ತಿಗೆಯು ಯಾರಿಗೆ ಉತ್ತರ ಕೊಡಬೇಕು? ಅಂತಹ ಮುದ್ರಿಕೆಯು ಪದ್ಯಸಂಕಲನದಂತೆ ಉಪಯುಕ್ತ, ಪ್ರಯೋಗಕ್ಕೆ ಸಾಕ್ಷಿಯಾಗಲಾರದು. ಚಾವಡಿಯಲ್ಲಿ, ಬಯಲಿನಲ್ಲಿ ಮಾಡಿದ ಮಲಿನವಾದ ಮುದ್ರಿಕೆಗೆ ಆ ಸಾಕ್ಷ್ಯದ ಬೆಲೆಯುಂಟು.

5

ಗುಂಡ್ಮಿಯ ಕಾಳಿಂಗ ನಾವಡರ (1958–1990) ಉದಾಹರಣೆಯು ಇಲ್ಲಿ ಮುಖ್ಯವಾದುದು. ಸಾಲಿಗ್ರಾಮ ಮೇಳದ ಭಾಗವತರಾಗಿ, ರೂಢಿಯಲ್ಲಿಲ್ಲದ ರಾಗಗಳನ್ನು ಯಕ್ಷಗಾನದ ಪದಗಳಿಗೆ ಹೊಂದಿಸಿ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಅವರ ಕಂಠವು ಬಹುಮಂದಿಗೆ ಮುದ್ರಿಕೆಗಳಿಂದಲೇ ಪರಿಚಿತ. ಅವರದು ಹೊಸತನ್ನು ಹುಡುಕುವ ಮನೋಧರ್ಮ. ಆ ಹುಡುಕಾಟದ ಒಂದು ರಾತ್ರಿಯ ಫಲವನ್ನು ಮಾದರಿಯಾಗಿ ಹಿಡಿದು ಅದರ ಏರಿಳಿತಗಳನ್ನೇ ಒಪ್ಪಿಸುವವರು ಪಾಠವನ್ನು ಉಳಿಸಿಕೊಂಡು ಕವಿಯನ್ನು ಕಳೆದುಕೊಂಡಂತಾಗುವುದು. ಹಿರಿಯಡಕ ಗೋಪಾಲರಾಯರು (1919–2020) ಏರುಮದ್ದಳೆಯನ್ನು ರೂಢಿಗೆ ತಂದವರೆಂದು ಪ್ರಸಿದ್ಧರು. ಅವರ ಹೊಸತನವೂ ಜತೆಗಾರರ ನಡುವೆ, ರಂಗಸ್ಥಳದ ಮೇಲೆ ಪರೀಕ್ಷೆಗೊಂಡು ನೆಲೆನಿಂತುದು.

ಇದಕ್ಕೆ ಭಿನ್ನವಾದ ಮಾರ್ಗವನ್ನು ಹಿಡಿದವರು ಕೋಟದ ಶಿವರಾಮ ಕಾರಂತರು (1902–1997). ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರು ತಮ್ಮ ನೃತ್ಯರೂಪಕಗಳಲ್ಲಿ ಮಾತನ್ನು ಕೈಬಿಟ್ಟು, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದರು. ಇದರಿಂದ ರಾಗಭಾವವು ಪುಷ್ಟವಾಯಿತು, ಕಾಲವು ಹಿಡಿತಕ್ಕೆ ಬಂದಿತು. ಪೂರ್ವನಿಶ್ಚಿತವಾದ ಈ ರಚನೆಯಲ್ಲಿ ಆಶುತ್ವಕ್ಕೆ ಎಡೆ ಕಡಮೆಯಾಯಿತೆಂಬುದೂ ಅಷ್ಟೇ ಸತ್ಯ. ವಾದ್ಯ ಪರಕೀಯವೆಂಬ ಆಕ್ಷೇಪಕ್ಕಿಂತ ಈ ಆಕ್ಷೇಪವೇ ಹೆಚ್ಚು ತೂಕವುಳ್ಳದ್ದು.

6

ಈ ವಿಚಾರವು ಇಂದು ತುರ್ತಿನದಾಗಲು ಕಾರಣವಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದುವು. 2010ರ ತಿದ್ದುಪಡಿಯಲ್ಲಿ ವಾದ್ಯಗಳೂ ಸೇರಿದುವು. ನೆರೆಹೊರೆಯ ನಿದ್ದೆಯನ್ನು ಕಾಯುವ ಉದ್ದೇಶವು ಯುಕ್ತವಾದುದೇ. ಜನರ ಬಿಡುವೂ ಕಡಮೆಯಾಗಿ ಅನೇಕ ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ತಿರುಗಿವೆ. ಅವಧಿಯು ಕುಗ್ಗಿದಾಗ ಪದಗಳ ಸಂಖ್ಯೆಯೊಡನೆ ಬಿಡ್ತಿಗೆಯ ವಿಸ್ತಾರವೂ ಮೊಟಕಾಗುವುದು. ಮುಂದಿನ ವಿದ್ಯಾರ್ಥಿಗೆ ಇಡೀ ರಾತ್ರಿಯ ಹಿಮ್ಮೇಳದ ಸಾಕ್ಷ್ಯವಾಗಿ ಬಹುಮಟ್ಟಿಗೆ ಈ ಮಲಿನವಾದ ಮುದ್ರಿಕೆಗಳೇ ಉಳಿಯುವ ಸಂಭವವುಂಟು.

ಆದುದರಿಂದ ಅವುಗಳನ್ನು ಸಂಗ್ರಹಿಸುವವರು ಓಲೆಯ ಪ್ರತಿಗೆ ಲಿಪಿಕಾರನು ಬರೆದಿಡುತ್ತಿದ್ದ ಅಂತ್ಯವಾಕ್ಯದಂತೆ ಪ್ರತಿ ಮುದ್ರಿಕೆಗೂ ಊರು, ತಾರೀಖು, ಪ್ರಸಂಗ, ಹಿಮ್ಮೇಳದವರ ಹೆಸರು, ಯಂತ್ರದ ಜಾತಿ, ಅದನ್ನಿಟ್ಟ ಜಾಗ ಇಷ್ಟನ್ನು ಬರೆದಿಡತಕ್ಕದ್ದು. ಒಂದೇ ಪ್ರಸಂಗದ ಹಲವು ರಾತ್ರಿಗಳನ್ನು ಕೂಡಿಸಿಡುವುದು ಇನ್ನೂ ಮೇಲು. ಪಾಠಾಂತರಗಳನ್ನು ಹೋಲಿಸಿದಲ್ಲದೆ ವಾದಕನು ಎಲ್ಲಿ ರೂಢಿಯನ್ನು ಅನುಸರಿಸಿದನು, ಎಲ್ಲಿ ಹೊಸದನ್ನು ಕಂಡನು ಎಂಬುದು ತಿಳಿಯದು. ಮಳೆಯ ಸದ್ದನ್ನೂ ಸಭೆಯ ಕೆಮ್ಮನ್ನೂ ಶೋಧಿಸಿ ತೆಗೆದುಹಾಕುವ ಉತ್ಸಾಹವು ಬೇಡ. ಭಾಗವತರು ಆ ಸಾಲನ್ನು ಮೂರನೆಯ ಬಾರಿ ಏಕೆ ಎತ್ತಿದರೆಂಬುದಕ್ಕೆ ಕಾರಣವು ಕೆಲವು ಸಲ ಆ ಮಳೆಯ ಸದ್ದಿನಲ್ಲಿಯೇ ಇರುವುದು.